ಇಪ್ಪತ್ತು ಸಾವಿರದ ಎಫ್‌ಡಿ ಇಟ್ಟು ಸಿಬಿಲ್ ಸ್ಕೋರ್ ಕಟ್ಟಿದ್ದು

ಸಂಬಳ ಎಷ್ಟೇ ಬರಲಿ, ಉಳಿತಾಯ ಖಾತೆಯಲ್ಲಿ ಎಷ್ಟೇ ದುಡ್ಡಿರಲಿ, ನಮ್ಮ ಸಾಲದ ದಾಖಲೆ ಇಟ್ಟು ಅಂಕ ಕೊಡುವ ಸಂಸ್ಥೆಯಾದ ಸಿಬಿಲ್‌ಗೆ ಅದು ಲೆಕ್ಕಕ್ಕಿಲ್ಲ. ಅಲ್ಲಿ ದಾಖಲಾಗುವುದು ಸಾಲ ಮತ್ತು ಅದನ್ನು ತೀರಿಸಿದ ರೀತಿ. ಸಾಲವನ್ನೇ ಮಾಡದ ನನ್ನ ವರದಿಯಲ್ಲಿ 300ರಿಂದ 900ರೊಳಗಿನ ಅಂಕದ ಬದಲು ‘ಎನ್‌ಎಚ್’ ಎಂದಿತ್ತು. ಅಂದರೆ ಸಾಲದ ಇತಿಹಾಸವೇ ಇಲ್ಲ. ಹೀಗಿರುವಾಗ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ಎನ್‌ಕ್ವೈರಿಯಾಗಿ ವರದಿಯಲ್ಲಿ ಕೂರುತ್ತದೆ.

ನಾನು ಹಿಡಿದ ದಾರಿ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್. ಖಾತೆಯಿದ್ದ ಬ್ಯಾಂಕಿನಲ್ಲೇ 20,000 ರೂಪಾಯಿ ಇಟ್ಟೆ. ಅದರ ಶೇ 90, ಅಂದರೆ 18,000 ಮಿತಿಯ ಕಾರ್ಡ್ ಸಿಕ್ಕಿತು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕಾರ್ಡ್ ಇರುವತನಕ ಅದನ್ನು ಮುರಿಸುವಂತಿಲ್ಲ. ಹೆಸರು, ಹುಟ್ಟಿದ ದಿನಾಂಕ ಪ್ಯಾನ್‌ನಲ್ಲಿರುವಂತೆಯೇ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಮಾಮೂಲು. ತೊಡಕು ಅಲ್ಲಿಂದಲೇ ಶುರುವಾಗುತ್ತದೆ.

ಕರೆಂಟ್ ಬಿಲ್, ಗ್ಯಾಸ್, ಮೊಬೈಲ್ ರೀಚಾರ್ಜ್ ಇಷ್ಟಕ್ಕೇ ಕಾರ್ಡ್ ಬಳಸಿದೆ, ತಿಂಗಳಿಗೆ 3,000 ದಾಟದಂತೆ. ಕಡೇ ದಿನಾಂಕದೊಳಗೆ ಪೂರ್ತಿ ಕಟ್ಟಿಯೂ ಸ್ಕೋರ್ ಇಳಿಯಿತೇಕೆ ಎಂದು ಹಲವರು ಕೇಳುತ್ತಾರೆ. ಬ್ಯಾಂಕ್ ಮಾಹಿತಿ ಕಳಿಸುವ ದಿನ ಎಷ್ಟು ಬಾಕಿಯಿತ್ತೋ ಅದೇ ಸಿಬಿಲ್‌ಗೆ ಹೋಗುತ್ತದೆ. 15,000 ಬಾಕಿಯಿದ್ದರೆ ನನ್ನ ಮಿತಿಯಲ್ಲಿ ಶೇ 83 ಬಳಸಿದಂತೆ ಕಾಣುತ್ತದೆ. ಶೇ 30ರೊಳಗೆ ಇದ್ದರೆ ಒಳ್ಳೆಯದು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಹೋಗುವುದರಿಂದ, ದೊಡ್ಡ ಖರ್ಚಾದಾಗ ಬಿಲ್ಲಿಗೆ ಕಾಯದೆ ಆ ವಾರವೇ ಕಟ್ಟಿಬಿಡುತ್ತೇನೆ.

ಬಿಲ್ಲಿನ ಹಣ ಖಾತೆಯಿಂದ ತಾನಾಗೇ ಕಡಿತವಾಗಲು ತುಂಬುವ ಆಟೋ ಡೆಬಿಟ್ ಫಾರಂನಲ್ಲಿ ‘ಮಿನಿಮಮ್ ಡ್ಯೂ’, ‘ಟೋಟಲ್ ಡ್ಯೂ’ ಎಂದು ಎರಡು ಆಯ್ಕೆ ಇರುತ್ತವೆ. ಟೋಟಲ್‌ಗೇ ಗುರುತು ಹಾಕಿ. ಮಿನಿಮಮ್ ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಅದರ ಜೊತೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಏರುತ್ತದೆ. ಎಟಿಎಂನಲ್ಲಿ ಈ ಕಾರ್ಡಿಂದ ನಗದು ತೆಗೆಯಲೇಬೇಡಿ.

ವರದಿಯಲ್ಲಿ ನಾನು ಮೊದಲು ನೋಡುವುದು ಡಿಪಿಡಿ ಸಾಲನ್ನು, ಅಂದರೆ ಕಂತು ಎಷ್ಟು ದಿನ ತಡವಾಯಿತು ಎಂದು ತೋರಿಸುವ ಸಾಲನ್ನು. ತಿಂಗಳಿಗೊಂದು ಚೌಕ, ಒಳಗೆ ‘000’ ಇದ್ದರೆ ಸರಿ. ‘030’ ಅಂದರೆ ಮೂವತ್ತು ದಿನ ತಡ, ಮತ್ತು ಅದು 36 ತಿಂಗಳು ಕಣ್ಣಿಗೆ ಬೀಳುತ್ತದೆ. ಆರು ತಿಂಗಳ ಹೊತ್ತಿಗೆ ಎನ್‌ಎಚ್ ಹೋಗಿ ಅಂಕ ಬಂತು. ವರ್ಷಕ್ಕೊಂದು ಪೂರ್ಣ ವರದಿ ಪುಕ್ಕಟೆ ಸಿಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಸಿಬಿಲ್ ಜಾಲತಾಣದಲ್ಲೇ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.