ಪವರ್ ಟ್ರೋವೆಲ್: ಇಳಿಸುವ ಹೊತ್ತು, ಬ್ಲೇಡ್ ಎತ್ತುವ ಹದ

ಹಸಿ ಕಾಂಕ್ರೀಟ್ ನೆಲವನ್ನು ತಿರುಗುವ ಬ್ಲೇಡ್‌ಗಳಿಂದ ನುಣುಪು ಮಾಡುವ ಯಂತ್ರ ಪವರ್ ಟ್ರೋವೆಲ್. ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ಅದನ್ನು ಯಾವಾಗ ನೆಲಕ್ಕೆ ಇಳಿಸಬೇಕು ಎಂಬ ಅಂದಾಜು ಮಾತ್ರ ನಿಧಾನಕ್ಕೆ ಬರುವಂಥದ್ದು. ಬುಲ್ ಫ್ಲೋಟ್ (ಉದ್ದ ಹಿಡಿಯ ಅಗಲ ಹಲಗೆ) ಆಡಿಸಿದ ಮೇಲೆ ಕಾಂಕ್ರೀಟ್ ನೀರು ಕಕ್ಕುತ್ತದೆ. ಆ ನೀರಿನ ಹೊಳಪು ಆರುವ ತನಕ ನಾನು ಮೈ ಮುಟ್ಟುವುದಿಲ್ಲ. ನೀರಿನ ಮೇಲೇ ತಿಕ್ಕಿದರೆ ಅದು ಮೇಲ್ಪದರಕ್ಕೆ ಬೆರೆತು ಆ ಪದರ ಸೊರಗುತ್ತದೆ, ಮುಂದೆ ನೆಲ ಪುಡಿ ಬಿಡುತ್ತದೆ. ನೀರು ಹೀರಲೆಂದು ಒಣ ಸಿಮೆಂಟ್ ಎರಚುವ ಚಾಳಿಯೂ ಉಂಟು. ಹಾಗೆ ಮಾಡಿದರೆ ಕೂದಲೆಳೆಯ ಬಿರುಕು ಬಿಟ್ಟು, ಮೇಲಿನದು ಹಪ್ಪಳದಂತೆ ಏಳುತ್ತದೆ.

ಆಮೇಲೆ ಬೂಟು ಊರಿ ನೋಡುವುದು. ಗುರುತು 3ರಿಂದ 6 ಮಿ.ಮೀ. ಇಳಿದರೆ ಫ್ಲೋಟ್‌ಗೆ, ಅಂದರೆ ಮೊದಲು ತಿಕ್ಕಿ ಸಮ ಮಾಡುವುದಕ್ಕೆ, ಹದ. ಬಿಸಿಲು ಬಿದ್ದ ಕಡೆ ಮೊದಲು ಗಟ್ಟಿಯಾಗುವುದರಿಂದ ಒಂದೇ ಜಾಗ ನೋಡಿದರೆ ಸಾಲದು. ಗೋಡೆಯಂಚು, ಕಂಬದ ಸುತ್ತ ಕೈಕರಣೆಯಲ್ಲೇ ಮುಗಿಸಿಕೊಂಡು, ಪ್ಯಾನ್ (ಬ್ಲೇಡ್‌ಗಳ ಕೆಳಗೆ ಸಿಕ್ಕಿಸುವ ದುಂಡು ತಟ್ಟೆ) ಅಥವಾ ಅಗಲದ ಫ್ಲೋಟ್ ಬ್ಲೇಡನ್ನು ಪೂರ್ತಿ ಚಪ್ಪಟೆಯಾಗಿಟ್ಟು ನಿಧಾನ ವೇಗದಲ್ಲಿ ಶುರು ಮಾಡುತ್ತೇನೆ. ಬ್ಲೇಡ್ ಬಲಸುತ್ತು ತಿರುಗುವ ಯಂತ್ರದಲ್ಲಿ ಹಿಡಿ ತುಸು ಎತ್ತಿದರೆ ಎಡಕ್ಕೆ, ಅದುಮಿದರೆ ಬಲಕ್ಕೆ ತಾನೇ ಸರಿಯುತ್ತದೆ. ತಳ್ಳಾಡಿದರೆ ಸೊಂಟ ನೋವಷ್ಟೇ ಲಾಭ. ಹಿಂದಕ್ಕೆ ನಡೆದರೆ ನಮ್ಮ ಹೆಜ್ಜೆಗುರುತನ್ನು ಯಂತ್ರವೇ ಅಳಿಸುತ್ತದೆ. ಪ್ರತಿ ಸಾಲೂ ಹಿಂದಿನದರ ಅರ್ಧ ಮುಚ್ಚಬೇಕು, ಮುಂದಿನ ಸುತ್ತು ಅಡ್ಡಲಾಗಿ.

ಕೊನೆಗೆ ನುಣುಪು ಕೊಡುವ ಫಿನಿಶ್ ಬ್ಲೇಡ್ ಹಾಕಿದಾಗಲೇ ಕೆಲಸ ಕೆಡುವುದು ಹೆಚ್ಚು. ಅಂಗೈ ಒತ್ತಿದರೆ ಸಿಮೆಂಟ್ ಹಾಲು ಅಂಟಬಾರದು. ಮೊದಲ ಸುತ್ತಿಗೆ ಬ್ಲೇಡ್ ಹೆಚ್ಚುಕಮ್ಮಿ ಚಪ್ಪಟೆ, ಮುಂದಿನ ಪ್ರತಿ ಸುತ್ತಿಗೂ ಮೇಲ್ಮೈ ಗಟ್ಟಿಯಾದಷ್ಟೇ ಓರೆ. ಅವಸರಕ್ಕೆ ಎತ್ತಿದರೆ ಬ್ಲೇಡ್ ಕುಣಿದು ಅಲೆಅಲೆ ಗೀರು ಬೀಳುತ್ತದೆ, ಜೊತೆಗೆ ಮೇಲ್ಮೈ ಮುಚ್ಚಿಕೊಂಡು ಒಳಗಿನ ಗಾಳಿ, ನೀರಿಗೆ ದಾರಿ ಸಿಗದೆ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ತಕ್ಷಣ ಬ್ಲೇಡ್ ಚಪ್ಪಟೆ ಮಾಡಿ; ಆ ಜಾಗವನ್ನು ಮರದ ಫ್ಲೋಟಿನಿಂದ ತಿಕ್ಕಿ ತೆರೆದು, ಸ್ವಲ್ಪ ಕಾಯಿರಿ. ಮಿಶ್ರಣದಲ್ಲಿ ಗಾಳಿ ಶೇ. 3 ದಾಟಿದ್ದರೆ ಉಕ್ಕಿನ ಬ್ಲೇಡಿನ ಗಟ್ಟಿ ಫಿನಿಶ್ ಬೇಡವೇ ಬೇಡ, ಪದರ ಕಳಚುತ್ತದೆ.

ಕೊನೆಯ ಸುತ್ತಿನಲ್ಲಿ ಓರೆಯೂ ವೇಗವೂ ಜಾಸ್ತಿ, ಆದರೆ ಒಂದೇ ಕಡೆ ನಿಲ್ಲಿಸಬಾರದು, ಕಪ್ಪು ಕಲೆ ಕೂರುತ್ತದೆ. ಬಣ್ಣದ ನೆಲಕ್ಕೆ ಪ್ಲಾಸ್ಟಿಕ್ ಬ್ಲೇಡ್ ವಾಸಿ. ಯಂತ್ರ ಎಗರಾಡಿದರೆ ನೆಲವನ್ನು ದೂರುವ ಮೊದಲು ಬ್ಲೇಡ್ ಹಿಡಿದ ತೋಳು ಬಾಗಿದೆಯೇ ನೋಡಿ. ಸವೆದ ಬ್ಲೇಡನ್ನು ಬಿಡಿಯಾಗಿ ಬದಲಿಸದೆ ಇಡೀ ಸೆಟ್ ಬದಲಿಸಿ. ಮುಗಿದ ಕೂಡಲೇ ಕ್ಯೂರಿಂಗ್ (ನೆಲದ ತೇವ ಆರದಂತೆ ಕಾಯುವುದು), ಕಡಿಮೆಯೆಂದರೆ 7 ದಿನ.