ಕಟಿಂಗ್ ಮಷಿನ್ ರ‍್ಯಾಕ್: ಬಾಯಿ ಕೆಳಗೆ, ಬಾಲ ಮೇಲೆ

ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸುವ ಕಟಿಂಗ್ ಮಷಿನನ್ನು ಬಾಯಿ (ಬ್ಲೇಡಿನ ತುದಿ) ಮೇಲೆ ಮಾಡಿ ನಿಲ್ಲಿಸುವ ಸ್ಟ್ಯಾಂಡ್ ಕಣ್ಣಿಗೆ ಚೆಂದ, ಮಷಿನ್‌ಗೆ ಕೇಡು. ಬ್ಲೇಡಿಗೆ ಎಣ್ಣೆ ಒಂದು ಹನಿ ಹೆಚ್ಚಾಯಿತೆಂದರೆ ಅದು ಇಳಿಯುವುದು ಮೋಟಾರಿನ ಕಡೆಗೇ. ಕೂದಲನ್ನು ಕೆಳಗಿನಿಂದ ಮೇಲಕ್ಕೆ ಹಂತ ಹಂತವಾಗಿ ಉದ್ದ ಬಿಡುವ ಫೇಡ್ ಹೊಡೆಯುವಾಗ ಏಳುವ ಪುಡಿಗೂದಲು ಆ ಎಣ್ಣೆಗೆ ಅಂಟಿಕೊಂಡು ಒಳಗೆ ಹೋಗಿ, ಸ್ವಿಚ್ಚಿನ ಸಂದಿಯಲ್ಲಿ ಗಟ್ಟಿ ಜಿಡ್ಡಾಗಿ ಕೂರುತ್ತದೆ. ನಮ್ಮ ಬಳ್ಳಾರಿಯಲ್ಲಾದರೆ ಅದಿರಿನ ಕೆಂಪು ಧೂಳೂ ಜೊತೆ ಸೇರುತ್ತದೆ. ಅದಕ್ಕೇ ನಾನು ಮಾಡಿದ ರ‍್ಯಾಕಿನಲ್ಲಿ ಮಷಿನ್ ಮಲಗುತ್ತದೆ. ಬಾಯಿ ಮುಂದಕ್ಕೆ, ತುಸು ಕೆಳಕ್ಕೆ. ಬಾಲ (ವೈರು, ಚಾರ್ಜಿಂಗ್ ಪಿನ್ನಿನ ತುದಿ) ಗೋಡೆಯ ಕಡೆಗೆ, ಎರಡು ಇಂಚು ಮೇಲಕ್ಕೆ. ಜಾರಿ ಬಿದ್ದು ಬ್ಲೇಡಿನ ಹಲ್ಲು ಮುರಿಯುತ್ತದೆ ಎಂದವರೇ ಹೆಚ್ಚು. ತಗಡು ಮಡಿಸಿಕೊಟ್ಟ ಫ್ಯಾಬ್ರಿಕೇಶನ್‌ನವರೂ ಅದನ್ನೇ ಹೇಳಿದರು. ವರ್ಷ ದಾಟಿದೆ, ಒಂದೂ ಬಿದ್ದಿಲ್ಲ. ಸಿಂಧನೂರು, ಗಂಗಾವತಿ ಕಡೆಯ ಅಂಗಡಿಗಳಿಗೂ ಇದೇ ಅಳತೆಯಲ್ಲಿ ಮಾಡಿಕೊಟ್ಟಿದ್ದೇನೆ, ಅಲ್ಲಿಂದಲೂ ದೂರು ಬಂದಿಲ್ಲ.

ಈ ಆಕಾರಕ್ಕೆ ಬರುವ ಮೊದಲು ಸುಮಾರು ಐದು ಸಾವಿರ ರೂಪಾಯಿ ಖರ್ಚಾಗಿದೆ. ಯಾವ ಸಾಮಾನು ಯಾಕೆ ನಿಲ್ಲಲಿಲ್ಲ ಎಂಬುದನ್ನು ಬರೆಯುತ್ತೇನೆ, ಅದೇ ದುಡ್ಡು ಮತ್ತೊಬ್ಬರಿಗೆ ಖರ್ಚಾಗುವುದು ಬೇಡ.

ಮೊದಲು ಅಕ್ರಿಲಿಕ್. 5 ಎಂಎಂ ಶೀಟು, ಲೇಸರ್ ಕಟಿಂಗ್, ಎಲ್ಲ ಸೇರಿ ಹದಿನಾರು ನೂರರ ಸುಮಾರು. ಗಾಜಿನಂತೆ ಹೊಳೆಯಿತು, ಬಂದ ಗಿರಾಕಿಗಳೆಲ್ಲ ಮೆಚ್ಚಿದರು. ಕೆಲವೇ ವಾರಗಳಲ್ಲಿ ತೂತುಗಳ ಸುತ್ತ ಕೂದಲೆಳೆ ಬಿರುಕು ಶುರುವಾಯಿತು. ಕಾರಣ ಭಾರವಲ್ಲ, ಸ್ಪಿರಿಟ್. ಲೇಸರ್ ಕೊಯ್ದ ಅಂಚಿನಲ್ಲಿ ಬಿಸಿಯ ಬಿಗಿತ ಉಳಿದಿರುತ್ತದೆ, ಅದರ ಮೇಲೆ ದಿನವೂ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಬಿದ್ದರೆ ಅಂಚು ಸಿಡಿಯುತ್ತದೆ. ಕೊಯ್ದ ಮೇಲೆ ಓವನ್ನಿನಲ್ಲಿ 80 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ನಿಧಾನ ಆರಿಸಿದರೆ ಬಿಗಿತ ಇಳಿಯುತ್ತದೆ ನಿಜ. ಆದರೆ ಅಷ್ಟು ದೊಡ್ಡ ಓವನ್ ಎಲ್ಲಿದೆ? ಮಷಿನ್ ಇಡುವ ಜಾಗದಲ್ಲೇ ಸ್ಪ್ರೇ ಹೊಡೆಯುವ ನಮ್ಮ ಕೆಲಸಕ್ಕೆ ಅಕ್ರಿಲಿಕ್ ಹೊಂದುವುದಿಲ್ಲ.

ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಗ್ಗೆ ಹೇಳುವುದೇ ಬೇಡ, ನೀರು ತಾಗಿದರೆ ಉಬ್ಬುತ್ತದೆ. ಪ್ಲೈವುಡ್ ಪರವಾಗಿಲ್ಲ, ಆದರೆ ಕೊರೆದ ತೂತಿನ ಒಳಗೋಡೆಗೆ ಮೈಕಾ ಹಚ್ಚಲು ಬರುವುದಿಲ್ಲ. ಅಲ್ಲಿ ಎಣ್ಣೆ ಕುಡಿದು, ಕೂದಲು ಹಿಡಿದು, ವಾಸನೆ ಬರುತ್ತದೆ. ತ್ರೀಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ ಹೋಲ್ಡರ್ ನಮ್ಮ ಬೇಸಿಗೆಗೆ ಆಗದು. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುವ ಪ್ಲಾಸ್ಟಿಕ್. ತಗಡಿನ ಮೇಲ್ಛಾವಣಿ, ಪಶ್ಚಿಮದ ಗಾಜು, ಏಪ್ರಿಲ್ ಮಧ್ಯಾಹ್ನ ಮೂರೂ ಕೂಡಿದರೆ ತೋಳು ಬಾಗುತ್ತದೆ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ತಡೆಯುತ್ತದೆ, ಆದರೆ ಪದರ ಪದರದ ನಡುವಿನ ಗೀರಿನಲ್ಲಿ ಕೂದಲು ಕೂತರೆ ಬ್ರಷ್ಷಿಗೂ ಬರುವುದಿಲ್ಲ.

ಅಗ್ಗದ ದಾರಿ ಎಂದರೆ ಪಿವಿಸಿ ಪೈಪು. ಗದ್ದೆಗೆ ನೀರು ಹಾಯಿಸುವ 63 ಎಂಎಂ ಪೈಪು ಗಂಗಾವತಿ ಕಡೆ ಯಾವ ಅಂಗಡಿಯಲ್ಲೂ ತುಂಡು ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕಿಂಚಿನ ತುಂಡು ಕೊಯ್ದು ಹಲಗೆಗೆ ಸ್ಕ್ರೂ ಹೊಡೆದರೆ ನೂರೈವತ್ತು ರೂಪಾಯಿಗೆ ಆರು ಮಷಿನ್‌ಗೆ ಜಾಗ ಆಗುತ್ತದೆ. ತೊಂದರೆ ಎರಡು. ಕೂದಲಿನ ಉದ್ದ ಹೆಚ್ಚುಕಡಿಮೆ ಮಾಡುವ ಪಕ್ಕದ ಟೇಪರ್ ಲಿವರ್ ಪೈಪಿನ ಅಂಚಿಗೆ ಸಿಕ್ಕಿ, ಎತ್ತುವಾಗ ಸೆಟ್ಟಿಂಗ್ ಬದಲಾಗುತ್ತದೆ. ಮುಚ್ಚಿದ ಸುತ್ತಿನೊಳಗೆ ಗಾಳಿಯಾಡದೆ, ಚಾರ್ಜ್ ಆಗುವಾಗಿನ ಬಿಸಿ ಅಲ್ಲೇ ನಿಲ್ಲುತ್ತದೆ.

ಅಡುಗೆಮನೆಯ ಚಾಕು ಹಿಡಿಯುವ ಆಯಸ್ಕಾಂತದ ಪಟ್ಟಿಯನ್ನು ಬೇರೆ ಊರಿನವರು ಹೊಗಳುತ್ತಾರೆ. ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಯ ಅಂಗಡಿಯಲ್ಲಿ ಅದನ್ನು ಹಾಕಿ ನೋಡಿ. ಲಾರಿ ಧೂಳು, ಪಕ್ಕದ ವೆಲ್ಡಿಂಗ್ ಶಾಪಿನ ಗ್ರೈಂಡರ್ ಪುಡಿ, ಇವುಗಳಲ್ಲಿರುವ ಕಬ್ಬಿಣದ ಕಣವೆಲ್ಲ ಪಟ್ಟಿಗೆ ಗಡ್ಡ ಬಿಟ್ಟು ನಿಲ್ಲುತ್ತದೆ. ಅಷ್ಟೇ ಅಲ್ಲ, ಕಾರ್ಬನ್ ಸ್ಟೀಲ್ ಬ್ಲೇಡ್ ತಾನೇ ಆಯಸ್ಕಾಂತವಾಗಿ ಆ ಪುಡಿಯನ್ನು ಹಲ್ಲಿನ ನಡುವೆ ಎಳೆದುಕೊಳ್ಳುತ್ತದೆ. ಎರಡು ಬ್ಲೇಡಿನ ನಡುವೆ ಕಬ್ಬಿಣದ ಪುಡಿ ಎಂದರೆ ಎಮರಿ ಪೇಪರ್ ಇಟ್ಟು ಓಡಿಸಿದ ಹಾಗೆ. ಧಾರೆ ಎಷ್ಟು ದಿನ ಉಳಿದೀತು? ಆಯಸ್ಕಾಂತದ ತುದಿಯ ಚಾರ್ಜಿಂಗ್ ಪಿನ್‌ಗೂ ಇದೇ ಕಾಟ, ಪುಡಿ ಕೂತು ಸಂಪರ್ಕವೇ ಆಗುವುದಿಲ್ಲ.

ಕೊನೆಗೆ ನಿಂತದ್ದು ಮೈಲ್ಡ್ ಸ್ಟೀಲ್ ತಗಡು, 18 ಗೇಜ್, ಅಂದರೆ 1.2 ಎಂಎಂ, ಪೌಡರ್ ಕೋಟಿಂಗ್ ಸಹಿತ. ಪಕ್ಕದ ತೋರಣಗಲ್ಲಿನಲ್ಲೇ ಉಕ್ಕು ತಯಾರಾಗುವಾಗ ನಾವು ಪ್ಲಾಸ್ಟಿಕ್ ಹಿಂದೆ ಹೋಗುವುದೇಕೆ? ಅಗಲ 24 ಇಂಚು, ಆಳ 8 ಇಂಚು, ಹಿಂದಿನ ತಗಡು 14 ಇಂಚು ಎತ್ತರ. ತೂಕ ಐದಾರು ಕೆಜಿ ಬರುತ್ತದೆ.

ಮುಖ್ಯ ಸಂಗತಿ ಶೆಲ್ಫಿನ ಆಕಾರ. ಪೂರ್ತಿ ತಗಡು ಇಟ್ಟರೆ ಕೂದಲು ಅದರ ಮೇಲೆಯೇ ಉಳಿಯುತ್ತದೆ. ಅದಕ್ಕೆ ಮುಂದಿನ ಅಂಚಿನಿಂದ ಒಳಕ್ಕೆ 150 ಎಂಎಂ ಉದ್ದದ ಸೀಳುಗಳು, ಒಂದೊಂದು 28 ಎಂಎಂ ಅಗಲ. ಮಷಿನಿನ ಮೈ 45 ಎಂಎಂ ಆಸುಪಾಸು ಇರುವುದರಿಂದ ಹೊಟ್ಟೆಭಾಗ ಸೀಳಿನೊಳಗೆ ತುಸು ಇಳಿದು ಕೂರುತ್ತದೆ, ಆಚೀಚೆ ಉರುಳುವುದಿಲ್ಲ. ಉದುರಿದ ಕೂದಲು, ಎಣ್ಣೆ ಎಲ್ಲ ಕೆಳಗಿನ ಟ್ರೇಗೆ. ಸೀಳಿನ ತಗಡನ್ನು ಕತ್ತರಿಸಿ ಬಿಸಾಡಬೇಡಿ. ನಡುವೆ ಒಂದೇ ಗೆರೆ ಕೊಯ್ದು, ಒಳತುದಿಯಲ್ಲಿ ಅಡ್ಡ ಕೊಯ್ದು, ಎರಡೂ ಬದಿಯನ್ನು ಕೆಳಕ್ಕೆ ಮಡಿಸಿ. ಹನ್ನೆರಡು ಹದಿಮೂರು ಎಂಎಂ ಮಡಿಕೆ ಸಿಗುತ್ತದೆ, ಆ ಮಡಿಕೆಯಿಂದಲೇ ಎರಡು ಸೀಳಿನ ನಡುವೆ ಉಳಿಯುವ ನಾಲಿಗೆಗೆ ಬಲ. ಮಡಿಕೆ ಇಲ್ಲದ ನಾಲಿಗೆ ಕೈಯೊತ್ತಿಗೇ ಬಾಗುತ್ತದೆ. ಮಡಿಸುವ ಮೊದಲು ಒಳಮೂಲೆಗಳಿಗೆ 5 ಎಂಎಂ ತೂತು ಹೊಡೆಯಲೇಬೇಕು, ಇಲ್ಲವೆಂದರೆ ತಗಡು ಮೂಲೆಯಲ್ಲಿ ಹರಿದು, ಅಲ್ಲಿ ಕೋಟಿಂಗ್ ಹಿಡಿಯದೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಸೀಳಿನಿಂದ ಸೀಳಿಗೆ ನಡು ಅಳತೆ 90 ಎಂಎಂ. ಇದಕ್ಕಿಂತ ಹತ್ತಿರ ಮಾಡಿದರೆ ಕೈ ಹಾಕುವಾಗ ಪಕ್ಕದ ಮಷಿನ್ ತಾಗುತ್ತದೆ. ಗಡ್ಡದ ಸಣ್ಣ ಟ್ರಿಮ್ಮರ್‌ಗೆ 70 ಸಾಕು, ಸೀಳು 20ಕ್ಕೆ ಇಳಿಸಿ. 24 ಇಂಚಿನಲ್ಲಿ ದೊಡ್ಡವು ಆರು ಸಲೀಸಾಗಿ ಕೂರುತ್ತವೆ.

ಇಳಿಜಾರು 8 ಇಂಚಿಗೆ 2 ಇಂಚು, ಡಿಗ್ರಿ ಲೆಕ್ಕದಲ್ಲಿ ಹದಿನಾಲ್ಕರ ಆಸುಪಾಸು. ಹತ್ತಕ್ಕಿಂತ ಕಡಿಮೆಯಾದರೆ ಎಣ್ಣೆ ಮುಂದಕ್ಕೆ ಬರುವುದಿಲ್ಲ, ಇಪ್ಪತ್ತು ದಾಟಿದರೆ ಮಷಿನ್ ಜಾರುತ್ತದೆ. ಸೀಳಿನ ಅಂಚಿಗೆ ಸಿಲಿಕೋನ್‌ನ ಯು ಆಕಾರದ ಅಂಚುಪಟ್ಟಿ (ಬೀಡಿಂಗ್) ಸಿಗಿಸಬೇಕು. ರಬ್ಬರ್ ಬೇಡ, ಕ್ಲಿಪ್ಪರ್ ಎಣ್ಣೆಗೆ ಅದು ಊದಿಕೊಂಡು ಅಂಟಂಟಾಗುತ್ತದೆ. ಸಿಲಿಕೋನ್ ಹಿಡಿತ ಒಣಗಿರುವಾಗ ಚೆನ್ನಾಗಿದೆ, ಎಣ್ಣೆ ಬಿದ್ದಾಗ ಮಾತ್ರ ಜಾರುತ್ತದೆ. ಎಣ್ಣೆಯಲ್ಲೂ ಜಾರದಂತೆ ನಾಲಿಗೆಯ ತುದಿಯನ್ನು ನಾನು ಒಂದು ರೀತಿ ಮಡಿಸುತ್ತೇನೆ. ಆ ಮಡಿಕೆ ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕೈಯ ಕೆಲಸ. ತುದಿಯಲ್ಲಿ ಸಣ್ಣ ಉಬ್ಬು ಉಳಿಸಿಕೊಂಡರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಬ್ಲೇಡ್ ಎಲ್ಲೂ ಲೋಹಕ್ಕೆ ತಾಗಬಾರದು. ಮಷಿನ್ ಉದ್ದ 165 ಎಂಎಂ ಎಂದುಕೊಂಡರೆ ಮುಂದಿನ 25 ಎಂಎಂ ಗಾಳಿಯಲ್ಲಿ ಇರುತ್ತದೆ. ಹಿಂದೆ ಉಳಿಯುವ 60 ಎಂಎಂ ಪಿನ್ನಿಗೆ, ವೈರಿನ ತಿರುವಿಗೆ. ಮುಂದೆ ಚಾಚಿದ ಬ್ಲೇಡಿಗೆ ಯಾರ ತಲೆಯೂ ತಾಗದಂತೆ ಕೆಳಗಿನ ಟ್ರೇಯನ್ನು ಶೆಲ್ಫಿಗಿಂತ 40 ಎಂಎಂ ಮುಂದಕ್ಕೆ ತಂದು ಒಂದಿಂಚು ಅಂಚು ಎತ್ತಿಸಿದ್ದೇನೆ. ಟ್ರೇ ಮಾತ್ರ ಸ್ಟೇನ್‌ಲೆಸ್, 304 ಗ್ರೇಡ್. ಹೈಪೋಕ್ಲೋರೈಟ್ (ಬ್ಲೀಚ್) ಹಾಕಿ ಒರೆಸುವವರು ಇದ್ದಾರೆ, ಅದರಿಂದ 202 ಗ್ರೇಡಿನ ತಗಡಿಗೆ ಬೇಗ ಚುಕ್ಕೆ ಬೀಳುತ್ತದೆ. ಬ್ಲೇಡಿಗಂತೂ ಅದನ್ನು ಹಚ್ಚಲೇಬೇಡಿ.

ಚಾರ್ಜಿಂಗ್ ಕಡೆ ಹೆಚ್ಚು ತಲೆ ಓಡಿಸಿದ್ದೇನೆ. ಆರು ಅಡಾಪ್ಟರ್, ಒಂದು ಸ್ಪೈಕ್ ಬಸ್ಟರ್, ಒಂದು ಮುಚ್ಚಿದ ಡಬ್ಬಿ: ಈ ಪದ್ಧತಿ ಬೇಸಿಗೆಯಲ್ಲಿ ಅಪಾಯ. ನಾನು ಹಾಕಿರುವುದು 230 ವೋಲ್ಟ್ ಕರೆಂಟನ್ನು ಇಳಿಸಿಕೊಡುವ ಒಂದೇ 5 ವೋಲ್ಟ್ 10 ಆಂಪಿಯರ್ ಎಸ್‌ಎಂಪಿಎಸ್, ನಾನೂರೈವತ್ತು ರೂಪಾಯಿ ಇರಬೇಕು. ಆದರೆ ಇದು ಲೇಬಲ್ ಮೇಲೆ 5 ವೋಲ್ಟ್ ಎಂದು ಬರೆದ ಮಷಿನ್‌ಗಳಿಗೆ ಮಾತ್ರ. ಪಿನ್ ಒಂದೇ ತರ ಇದ್ದರೂ ವೋಲ್ಟ್ ಬೇರೆ ಇರುವ ಮಷಿನ್‌ಗಳು ಬಹಳ. ಅವಕ್ಕೆ ಅವುಗಳದೇ ಅಡಾಪ್ಟರ್, ಬೇರೆ ಬಣ್ಣದ ಟೇಪು. ಪಿನ್ನಿನ ಪ್ಲಸ್, ಮೈನಸ್ ಮೀಟರಿನಲ್ಲಿ ನೋಡದೆ ಹಾಕಬೇಡಿ. ಪ್ರತಿ ಲೈನಿಗೂ 2 ಆಂಪಿಯರ್ ಫ್ಯೂಸ್ ಇರಲಿ.

ವೈರಿನಲ್ಲಿ ಜಿಪುಣತನ ಮಾಡಿದರೆ ಕೊನೆಯ ಮಷಿನ್ ಚಾರ್ಜೇ ಆಗುವುದಿಲ್ಲ. ಕಾಲ್‌ಬೆಲ್‌ಗೆ ಹಾಕುವ ತೆಳು ವೈರು, ಎರಡು ಮೀಟರ್ ಹೋಗಿ ಬರುವಷ್ಟರಲ್ಲಿ ಐದು ಆಂಪಿಯರ್‌ಗೆ ಹತ್ತಿರ ಹತ್ತಿರ ಒಂದು ವೋಲ್ಟ್ ತಿನ್ನುತ್ತದೆ. ಐದರಲ್ಲಿ ಒಂದು ಹೋದರೆ ಉಳಿದದ್ದು ನಾಲ್ಕು. ಮುಖ್ಯ ಲೈನಿಗೆ 1 ಸ್ಕ್ವೇರ್ ಎಂಎಂ ತಾಮ್ರದ ವೈರು ಹಾಕಿ, ಎಸ್‌ಎಂಪಿಎಸ್ಸನ್ನು ನಡುಮಧ್ಯದಲ್ಲಿ ಕೂರಿಸಿ, ಎರಡೂ ಕಡೆ ಹಂಚಿದರೆ ತೊಂದರೆಯೇ ಇಲ್ಲ. ಡಬ್ಬಿಗೆ ಮೇಲೆ ಕೆಳಗೆ ಗಾಳಿಕಂಡಿ ಬಿಟ್ಟು ಸೊಳ್ಳೆ ಜಾಲರಿ ಅಂಟಿಸಿ, ಇಲ್ಲದಿದ್ದರೆ ಪುಡಿಗೂದಲು ಒಳಗೆ ಹೋಗಿ ಕಂಡಿ ಕಟ್ಟಿದರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. 230 ವೋಲ್ಟಿನ ಕಡೆ ಅರ್ಥಿಂಗ್ ತಗಡಿಗೆ ಸೇರಲೇಬೇಕು, ಲೋಹದ ರ‍್ಯಾಕ್, ಒದ್ದೆ ಕೈ.

ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ ನಲವತ್ತು ದಾಟಿರುತ್ತದೆ. ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಅರ್ಧ ಗಂಟೆ ಓಡಿಸಿದ ಮಷಿನ್ ತಾನೇ ಬಿಸಿಯಾಗಿರುತ್ತದೆ, ಅದನ್ನು ತಕ್ಷಣ ಚಾರ್ಜಿಗೆ ಚುಚ್ಚಿದರೆ ಸೆಲ್ ಬೇಗ ಸೊರಗುತ್ತದೆ. ಸೀಳಿನ ಶೆಲ್ಫಿನಲ್ಲಿ ಕೆಳಗಿನಿಂದ ಗಾಳಿ ಆಡುವುದರಿಂದ ಹದಿನೈದು ಇಪ್ಪತ್ತು ನಿಮಿಷಕ್ಕೆ ಆರುತ್ತದೆ. ಏಪ್ರಿಲ್, ಮೇನಲ್ಲಿ ನಾನು ಬೆಳಿಗ್ಗೆ ಅಂಗಡಿ ತೆರೆದೊಡನೆ ಚಾರ್ಜ್ ಮುಗಿಸುತ್ತೇನೆ, ಮಧ್ಯಾಹ್ನ ಸ್ವಿಚ್ ಆಫ್.

ಪಕ್ಕದ ಪ್ರಯೋಗಗಳೂ ನಡೆದಿವೆ. ಜೀನ್ಸ್ ಯೂನಿಟ್ಟುಗಳಲ್ಲಿ ಉಳಿಯುವ ಡೆನಿಮ್ ತುಂಡು ಬಳ್ಳಾರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಬೀಡಿಂಗ್ ಬದಲು ಅದನ್ನು ಅಂಟಿಸಿ ನೋಡಿದೆ. ಗಟ್ಟಿ ಬಟ್ಟೆ, ಸವೆಯಲಿಲ್ಲ. ಆದರೆ ತುಂಡುಗೂದಲು ನೇಯ್ಗೆಯೊಳಗೆ ಚುಚ್ಚಿಕೊಂಡು ನಿಂತಿತು, ಎಣ್ಣೆ ಹೀರಿ ಕಪ್ಪಾಯಿತು. ಕತ್ತರಿ, ಬಾಚಣಿಗೆ ಇಡುವ ಪಕ್ಕದ ಚೀಲಕ್ಕೆ ಮಾತ್ರ ಡೆನಿಮ್ ಉಳಿಸಿಕೊಂಡಿದ್ದೇನೆ, ವಾರಕ್ಕೊಮ್ಮೆ ತೊಳೆದರೆ ಸಾಕು. ರ‍್ಯಾಕಿನ ಮೇಲೆ ಯುವಿ ದೀಪ ಹಾಕುವ ಯೋಚನೆಯನ್ನೂ ಪರೀಕ್ಷೆ ಮಾಡಿದ್ದೇನೆ. ಬೆಳಕು ಬಿದ್ದ ಮೈಗೆ ಮಾತ್ರ ಕೆಲಸ ಮಾಡುತ್ತದೆ, ಹಲ್ಲಿನ ನಡುವಿನ ಕೂದಲು, ಎಣ್ಣೆಯ ಹಿಂದೆ ಹೋಗುವುದಿಲ್ಲ, ಮೇಲಾಗಿ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಆ ದುಡ್ಡಿಗೆ ಬ್ರಷ್ಷು, ಸ್ಪ್ರೇ ತನ್ನಿ.

ಗೆದ್ದ ಪ್ರಯೋಗ ಗಾರ್ಡುಗಳದು, ಅಂದರೆ ಕೂದಲು ಎಷ್ಟು ಉದ್ದ ಉಳಿಯಬೇಕೋ ಅಷ್ಟಕ್ಕೆ ಬ್ಲೇಡಿನ ಮೇಲೆ ಸಿಗಿಸುವ ಬಾಚಣಿಗೆಗಳದು. ಸವೆದ ಹಳೆಯ ಬ್ಲೇಡುಗಳನ್ನು ಎಸೆಯುವ ಬದಲು, ಹಲ್ಲನ್ನು ಎಮರಿಯಿಂದ ಮೊಂಡು ಮಾಡಿ, ಟ್ರೇಯ ಕೆಳಗಿನ ಪಟ್ಟಿಗೆ ಸಾಲಾಗಿ ಸ್ಕ್ರೂ ಹೊಡೆದೆ. ಹಳೆಯ ಬ್ಲೇಡನ್ನೇ ಇಟ್ಟು ತೂತು ಗುರುತು ಮಾಡಿದರೆ ಅಳತೆ ತಪ್ಪುವುದಿಲ್ಲ. ಗಾರ್ಡು ಮಷಿನ್‌ಗೆ ಹೇಗೆ ಕ್ಲಿಕ್ ಎಂದು ಕೂರುತ್ತದೋ ಇಲ್ಲಿಯೂ ಹಾಗೇ ಕೂರುತ್ತದೆ. ಎಡದಿಂದ ಅರ್ಧ, ಒಂದು, ಒಂದೂವರೆ, ಎರಡು ಹೀಗೆ ಸಾಲು, ಅಂದರೆ 1.5, 3, 4.5, 6 ಎಂಎಂ. ಫೇಡಿನಲ್ಲಿ ಹೆಚ್ಚು ಓಡುವುದು ಈ ನಾಲ್ಕೇ, ಅವು ಕೈಗೆ ಹತ್ತಿರ ಇರಲಿ. 25 ಎಂಎಂನ ಎಂಟನೇ ನಂಬರು ಮೂಲೆಯಲ್ಲಿದ್ದರೂ ನಡೆಯುತ್ತದೆ. ಖಾಲಿ ಜಾಗ ಕಂಡರೆ ಯಾವ ಗಾರ್ಡು ಕಳೆದಿದೆ ಎಂದು ರಾತ್ರಿ ಬಾಗಿಲು ಹಾಕುವ ಮೊದಲೇ ಗೊತ್ತಾಗುತ್ತದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ತಗಡು ಐನೂರು, ಕೊಯ್ದು ಮಡಿಸಿದ್ದಕ್ಕೆ ಐನೂರು, ಕೋಟಿಂಗ್ ಮುನ್ನೂರೈವತ್ತು, ಬೀಡಿಂಗ್ ನೂರೈವತ್ತು, ಎಸ್‌ಎಂಪಿಎಸ್ ನಾನೂರೈವತ್ತು, ವೈರು, ಫ್ಯೂಸು, ಪಿನ್ನು ಇನ್ನೂರೈವತ್ತು. ಎರಡು ಸಾವಿರದ ಇನ್ನೂರರ ಆಸುಪಾಸು. ಸ್ಟೇನ್‌ಲೆಸ್ ಟ್ರೇ ನನ್ನದು ಹೋಟೆಲ್ ಸಾಮಾನಿನ ಅಂಗಡಿಯ ಹಳೆಯ ತಟ್ಟೆ ಕೊಯ್ದು ಮಾಡಿದ್ದು, ಹೊಸದಾದರೆ ಇನ್ನು ಮುನ್ನೂರು ಸೇರಿಸಿ. ಕೋಟಿಂಗ್‌ನವರಿಗೆ ಮ್ಯಾಟ್ ಬೂದು ಬಣ್ಣ ಹೇಳಿ. ಕಪ್ಪಿನ ಮೇಲೆ ಕೆಂಪು ಧೂಳು ಕಾಣುತ್ತದೆ, ಬಿಳಿಯ ಮೇಲೆ ಕೂದಲು ಕಾಣುತ್ತದೆ. ಮಡಿಕೆಯ ಒಳಮೂಲೆಗೂ ಪುಡಿ ಹಿಡಿಯುವಂತೆ ಕೇಳಿ ಮಾಡಿಸಿ.

ಗೋಡೆಗೆ ಹಾಕುವಾಗ ಭಾರಕ್ಕಿಂತ ಎಳೆತ ನೋಡಬೇಕು. ಆರು ಕಾರ್ಡ್‌ಲೆಸ್ ಸೇರಿ ಎರಡು ಕೆಜಿ ಇಲ್ಲ, ಆದರೆ ವೈರು ಸಿಕ್ಕ ಮಷಿನನ್ನು ಅವಸರದಲ್ಲಿ ಜಗ್ಗಿದರೆ ರ‍್ಯಾಕೇ ಕಿತ್ತುಬರುತ್ತದೆ. ನಾಲ್ಕು ಮೂಲೆಗೆ 8 ಎಂಎಂ ಪ್ಲಗ್, ಎರಡಿಂಚಿನ ಸ್ಕ್ರೂ. ಹಳೆಯ ಸೈಜುಗಲ್ಲಿನ ಗೋಡೆಯಾದರೆ ಕಲ್ಲಿಗೇ ಹೊಡೆಯಿರಿ, ಸಂದಿನ ಗಾರೆಗೆ ಬೇಡ. ಮೊದಲು 6 ಎಂಎಂ ಡ್ರಿಲ್ ಬಿಟ್, ಆಮೇಲೆ 8. ಟೈಲ್ಸ್ ಇದ್ದರೆ ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್. ನೆಲದಿಂದ ಟ್ರೇಗೆ 48 ಇಂಚು, ಕನ್ನಡಿಯ ಬಲಕ್ಕೆ, ಕುರ್ಚಿ ತಿರುಗುವ ಸುತ್ತಿನಿಂದ ಒಂದಡಿ ಹೊರಗೆ. ಎಡಗೈಯವರಾದರೆ ಎಡಕ್ಕೆ.

ವೈರಿನ ಮಷಿನ್‌ಗಳಿಗೆ ಇದೇ ಶೆಲ್ಫು ನಡೆಯುತ್ತದೆ, ಆದರೆ ಅವು ಅರ್ಧ ಕೆಜಿ ದಾಟುವುದರಿಂದ ನಾಲಿಗೆಯ ತಗಡು ಇನ್ನೂ ದಪ್ಪ, 16 ಗೇಜ್ ಬೇಕು. ವೈರು ಬಾಲದಿಂದ ಹೊರಟ ಕೂಡಲೇ ಕೆಳಕ್ಕೆ ಮುರಿದು ಬೀಳದಂತೆ ಹಿಂದಿನ ತಗಡಿನಲ್ಲಿ ದುಂಡನೆ ಕೊಕ್ಕೆ ಕೊಟ್ಟು, ಅಂಗೈಯಗಲ ಬಳಸಿ ಇಳಿಸಿ. ಮಷಿನಿನ ಬುಡದಲ್ಲಿ ವೈರು ಒಳಗೇ ಕಡಿಯುವುದು ಆ ಒಂದು ಮಡಿಕೆಯಲ್ಲೇ.