ಅಕ್ಕಿಯ ನಾಡಿನಲ್ಲಿ ಗೋಧಿ ಅಡಗಿದ್ದ ಜಾಗಗಳು

ವಿರಾಜಪೇಟೆ ಹತ್ತಿರದ ತೋಟದ ಮನೆ ನಮ್ಮದು. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ನೂಪುಟ್ಟು, ನೆಂಟರು ಬಂದರೆ ಪಂದಿಕರಿ ಜೊತೆಗೆ ಕಡಂಬುಟ್ಟು. ಎಲ್ಲ ಅಕ್ಕಿಯದೇ. ಹಾಗಾಗಿ ನನಗೆ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಇದೆ ಅಂತ ತಿಳಿದಾಗ ಚಪಾತಿ, ಪರೋಟ, ಬ್ರೆಡ್ಡು, ಬಿಸ್ಕತ್ತು ಬಿಟ್ಟರೆ ಸಾಕು ಅಂದುಕೊಂಡೆ.

ಅದಕ್ಕೂ ಮೊದಲೇ ಒಂದು ತಪ್ಪು ಮಾಡಿದ್ದೆ. ಹೊಟ್ಟೆಯುಬ್ಬರ ತಾಳಲಾರದೆ, ಯಾರೋ ಹೇಳಿದರೆಂದು ಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟಿದ್ದೆ. ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದುಹೋಗುತ್ತವೆ, ಅವನ್ನು ಅಳೆದು ಈ ಕಾಯಿಲೆ ಪತ್ತೆಹಚ್ಚುವ ಟಿಟಿಜಿ ರಕ್ತಪರೀಕ್ಷೆ ನಂಬುವಂತಿರುವುದಿಲ್ಲ. ವೈದ್ಯರು ಆರು ವಾರ ಮತ್ತೆ ಚಪಾತಿ ತಿನ್ನಿಸಿದರು. ಆ ಆರು ವಾರ ಪಟ್ಟ ಪಾಡು ಯಾರಿಗೂ ಬೇಡ. ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ.

ಬಿಟ್ಟು ನಾಲ್ಕು ತಿಂಗಳಾದರೂ ಭೇದಿ ನಿಲ್ಲಲಿಲ್ಲ. ಏನು ತಿಂದೆ ಅಂತ ದಿನಾ ಬರೆದಿಡತೊಡಗಿದೆ. ಬರೀ ರೊಟ್ಟಿ ತಿಂದ ದಿನವೂ ಹೊಟ್ಟೆ ಕೆಡುತ್ತಿತ್ತು. ಒಂದು ದಿನ ಹಿಟ್ಟು ಮಾಡಿಸಲು ಮಿಲ್ಲಿಗೆ ನಾನೇ ಹೋದೆ. ನನ್ನ ಮುಂದಿದ್ದವರ ಗೋಧಿ ಬೀಸಿ ಮುಗಿದದ್ದೇ ತಡ, ಅದೇ ಕಲ್ಲಿಗೆ ನನ್ನ ಅಕ್ಕಿ ಸುರಿದರು. ಅಷ್ಟೂ ದಿನ ನಾನು ತಿಂದದ್ದು ಗೋಧಿ ಬೆರೆತ ಹಿಟ್ಟು! ಅಂದಿನಿಂದ ಅಕ್ಕಿ ತೊಳೆದು, ಬಟ್ಟೆ ಮೇಲೆ ಆರಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ. ಮಳೆಗಾಲದಲ್ಲಿ ಆರುವುದೇ ಇಲ್ಲ, ಒಲೆಯ ಪಕ್ಕ ಹರಡಬೇಕು. ರೊಟ್ಟಿ ಕಾವಲಿಯೂ ಬೇರೆ.

ಇನ್ನೊಂದು ಕಳ್ಳ ಇಂಗು. ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಪಟ್ಟಿಯಲ್ಲಿ ಬರೆದೇ ಇರುತ್ತದೆ, ನಾನು ಓದಿರಲಿಲ್ಲ. ಹೋಟೆಲ್ ಸಾಂಬಾರು ಅದಕ್ಕೇ ಬಿಟ್ಟೆ. ಗೋಬಿ ಮಂಚೂರಿಗೆ ಮೈದಾ ಹಾಕದಿದ್ದರೂ ಸೋಯಾ ಸಾಸ್ ಇರುತ್ತದೆ, ಅದರಲ್ಲೂ ಸಾಮಾನ್ಯವಾಗಿ ಗೋಧಿ. ಮಾಲ್ಟ್ ಪುಡಿ, ಬಿಯರ್ ಎರಡೂ ಸಾಮಾನ್ಯವಾಗಿ ಬಾರ್ಲಿಯವು, ಅದರಲ್ಲೂ ಗ್ಲುಟನ್ ಇದೆ. ಉಪ್ಪಿಟ್ಟು, ಶಾವಿಗೆ ಪಾಯಸ, ಸಜ್ಜಿಗೆಯ ಪ್ರಸಾದ, ಕುಶಾಲನಗರದ ಕಡೆ ಹೋದರೆ ಮೋಮೊ: ಇವು ಎದುರಿಗೇ ಕಾಣುವಂಥವು, ಬಿಡುವುದು ಸುಲಭ. ರಾಗಿ ಬಿಸ್ಕತ್ತು ಅಂದಿದ್ದನ್ನು ಮಾತ್ರ ಹೆಸರು ನೋಡಿ ನಂಬಬೇಡಿ, ಮೈದಾ ಎಷ್ಟೋ ಸಲ ಮೊದಲ ಸಾಲಿನಲ್ಲೇ ಇರುತ್ತದೆ. ಪೊಟ್ಟಣದ ಮೇಲೆ ‘ಗ್ಲುಟನ್ ಫ್ರೀ’ ಅಂತಿದ್ದರೆ ಅದರಲ್ಲಿ ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ ಎಂಬ ನಿಯಮವಿದೆ.

ನಮ್ಮ ಕಾಚಂಪುಳಿ ಹಣ್ಣಿನ ರಸ ಬತ್ತಿಸಿದ್ದು, ತೊಂದರೆಯಿಲ್ಲ. ಮನೆಯಲ್ಲಿ ಮಾಡುವ ವೈನ್ ಹಾಗಲ್ಲ. ಹುದುಗಲಿ ಅಂತ ಭರಣಿಗೆ ಒಂದು ಹಿಡಿ ಗೋಧಿ ಹಾಕುವವರು ಬಹಳ. ಈಗ ಕೇಳದೆ ಲೋಟ ಮುಟ್ಟುವುದಿಲ್ಲ.

ಕಳೆದ ಹುತ್ತರಿಗೆ ತಂಬಿಟ್ಟಿನ ಅಕ್ಕಿ ಹುರಿದು ಅತ್ತೆ ಮಿಲ್ಲಿಗೆ ಕಳಿಸಲಿಲ್ಲ. ಇಡೀ ಮನೆಯದನ್ನೂ ನನ್ನ ಮಿಕ್ಸಿಯಲ್ಲೇ ಪುಡಿ ಮಾಡಿ, ಬಾಳೆಹಣ್ಣು ಕಿವುಚಿ ಕಲಸಿದರು. ನಾನೂ ಎಲ್ಲರ ಜೊತೆ ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿಂದೆ.